ಮೈದಾನದಲ್ಲಿ ಕಳೆದ ಓಲೆ ಮೈದಾನದಲ್ಲೇ ಇದೆ!

* ಶಾಲೆಯಂಗಳದ ಮಣ್ಣಿನಡಿ ನಾಣ್ಯ, ಚಿನ್ನ, ಬೆಳ್ಳಿ
* ಹುಡುಕಲು ಯಂತ್ರ ಉಂಟು, ಆದರೆ ಸಿಕ್ಕಿದ್ದು ಯಾರದ್ದು?

ಕಾಸರಗೋಡು: ಸಂಜೆ ನಾಲ್ಕರ ಬೆಲ್ ಆಗಿದೆ. ಮಕ್ಕಳೆಲ್ಲ ಚೀಲ ಹೆಗಲಿಗೇರಿಸಿ ಗೇಟು ದಾಟುತ್ತಿದ್ದಾರೆ. ಒಬ್ಬಳು ಪುಟ್ಟ ಹುಡುಗಿ ಮಾತ್ರ ಮೈದಾನದ ಬದಿಯಲ್ಲಿ ನೆಲ ನೋಡುತ್ತಾ ಸುತ್ತುತ್ತಿದ್ದಾಳೆ. ಎಡ ಕಿವಿಯಲ್ಲಿ ಓಲೆ ಇದೆ, ಬಲ ಕಿವಿ ಬೋಳು. ಖೋ ಖೋ ಆಡುವಾಗ ಬಿತ್ತೋ, ನೀರಿನ ಟ್ಯಾಪಿನ ಹತ್ತಿರ ಬಿತ್ತೋ ಅವಳಿಗೇ ಗೊತ್ತಿಲ್ಲ. ಗೊತ್ತಿರುವುದು ಒಂದೇ, ಮನೆಗೆ ಹೋದರೆ ಬೈಗುಳ ಖಂಡಿತ.

ಗಡಿನಾಡಿನ ಶಾಲೆಗಳಲ್ಲಿ ನಾಲ್ಕಾರು ವರ್ಷ ದುಡಿದ ಅಧ್ಯಾಪಕರಿಗೆ ಈ ದೃಶ್ಯ ಹೊಸತೇನಲ್ಲ. ಟೀಚರು ಬರುತ್ತಾರೆ, ನಾಲ್ಕು ಮಕ್ಕಳನ್ನು ಸೇರಿಸಿ ಹುಡುಕಿಸುತ್ತಾರೆ. ಕತ್ತಲಾಗುತ್ತದೆ, ಓಲೆ ಸಿಗುವುದಿಲ್ಲ. ಮರುದಿನ ಹೆತ್ತವರು ಬರುತ್ತಾರೆ. ಅಲ್ಲಿಂದ ಮುಂದೆ ನಡೆಯುವುದು ಓಲೆ ಕಳೆದದ್ದಕ್ಕಿಂತಲೂ ಬೇಸರದ ಸಂಗತಿ. "ನಿನ್ನ ಹತ್ತಿರ ಕೂತವರು ಯಾರು?" ಎಂಬ ಒಂದು ಪ್ರಶ್ನೆ ಸಾಕು. ಪಕ್ಕದ ಬೆಂಚಿನ ಹುಡುಗಿಯ ಚೀಲ ತೆರೆಸಲಾಗುತ್ತದೆ. ಅಂಗಳ ಗುಡಿಸುವ ಹೆಂಗಸಿನ ಕಡೆ ನಾಲ್ಕು ಕಣ್ಣು ತಿರುಗುತ್ತವೆ. ಮಧ್ಯಾಹ್ನದ ಊಟ ಬೇಯಿಸುವವರೂ ಬಚಾವಾಗುವುದಿಲ್ಲ. ಯಾರೂ ಬಾಯಿಬಿಟ್ಟು ಕಳ್ಳಿ ಎನ್ನುವುದಿಲ್ಲ, ಆದರೆ ಸಂಶಯ ಮಾತ್ರ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಚಿನ್ನದ ಬೆಲೆಯೂ ಸಣ್ಣದಲ್ಲ. 2025ರಲ್ಲಿ 10 ಗ್ರಾಂ ಚಿನ್ನದ ದರ ಒಂದು ಲಕ್ಷ ರೂಪಾಯಿಯ ಗಡಿ ದಾಟಿತು. ಅಂದರೆ ಒಂದು ಗ್ರಾಮಿನ ಮಗುವಿನ ಓಲೆ ಎಂದರೆ ಹತ್ತು ಸಾವಿರ ರೂಪಾಯಿಯ ಮಾತು. ಪವನಿನ ಲೆಕ್ಕದಲ್ಲಿ, ಅಂದರೆ ಎಂಟು ಗ್ರಾಮಿನ ಲೆಕ್ಕದಲ್ಲಿ, ಚಿನ್ನ ಕೊಳ್ಳುವ ಈ ಭಾಗದ ಜನರಿಗೆ ಅದರ ಬಿಸಿ ಚೆನ್ನಾಗಿಯೇ ಗೊತ್ತು. ಬೀಡಿ ಕಟ್ಟಿ, ಅಡಿಕೆ ಸುಲಿದು ಮಗಳ ಕಿವಿಗೆ ಎರಡು ಚುಕ್ಕಿ ಚಿನ್ನ ಇಟ್ಟ ತಾಯಿಗೆ ಅದು ಹೋದರೆ ಹೊಟ್ಟೆ ಉರಿಯದೆ ಇದ್ದೀತೇ?

ಆದರೆ ಇಂಥ ಬಹಳಷ್ಟು ಸಂದರ್ಭಗಳಲ್ಲಿ ಕಳ್ಳರು ಯಾರೂ ಇರುವುದಿಲ್ಲ. ಕದ್ದದ್ದು ಮಣ್ಣು!

ಮಣ್ಣು ನುಂಗುವ ಬಗೆ

ಓಲೆಯ ಹಿಂದಿನ ತಿರುಪು ಸಡಿಲವಾಗುವುದು ಮಕ್ಕಳಿಗೆ ಗೊತ್ತಾಗುವುದಿಲ್ಲ. ಕಬಡ್ಡಿಯಲ್ಲಿ ಒಂದು ಎಳೆತ, ತಲೆಗೆ ಕಟ್ಟಿದ ರಿಬ್ಬನ್ ಬಿಚ್ಚುವಾಗ ಒಂದು ತಾಗು, ಅಷ್ಟು ಸಾಕು. ಬಿದ್ದ ಓಲೆ ಮೇಲೆಯೇ ಇದ್ದರೆ ಕಣ್ಣಿಗೆ ಬೀಳುತ್ತಿತ್ತು. ಆದರೆ ಹಿಂದಿನಿಂದ ಓಡಿಬಂದ ಇಪ್ಪತ್ತು ಮಕ್ಕಳ ಕಾಲು ಅದನ್ನು ಹುಡಿಮಣ್ಣಿಗೆ ಒತ್ತಿಬಿಡುತ್ತದೆ. ಚಿನ್ನ ನೀರಿಗಿಂತ 19 ಪಟ್ಟು ಭಾರದ ಲೋಹ. ಒಡವೆಯ 22 ಕ್ಯಾರೆಟ್ ಚಿನ್ನ ಅದಕ್ಕಿಂತ ಸ್ವಲ್ಪ ಹಗುರ ಅಷ್ಟೆ. ಕೆಸರಾದ ನೆಲದಲ್ಲಿ ಅದು ಮೇಲೆ ತೇಲುವ ಮಾತೇ ಇಲ್ಲ.

ಕೇರಳದಲ್ಲಿ ಶಾಲೆ ತೆರೆಯುವುದೂ ಜೂನ್ ತಿಂಗಳಲ್ಲೇ, ಮುಂಗಾರು ಬರುವುದೂ ಜೂನ್ ತಿಂಗಳಲ್ಲೇ. ಹೊಸ ಬಟ್ಟೆ, ಹೊಸ ಕೊಡೆ, ಹೊಸ ಓಲೆ ಹಾಕಿ ಮಗು ಶಾಲೆಗೆ ಬರುವ ದಿನಗಳಲ್ಲೇ ಅಂಗಳವೆಲ್ಲ ಕೆಸರು. ಒಂದು ಜೋರು ಮಳೆ ಬಂದರೆ ಓಲೆಯ ಮೇಲೆ ಒಂದು ಪದರ ಮಣ್ಣು ಕೂತು ಆಯಿತು. ಎರೆಹುಳ ಕೆಳಗಿನ ಮಣ್ಣನ್ನು ಮೇಲೆ ತಂದು ಹಾಕುತ್ತದೆ, ಅದರಿಂದ ಮೇಲಿದ್ದ ವಸ್ತು ಇನ್ನಷ್ಟು ಕೆಳಗಿಳಿಯುತ್ತದೆ. ನಾಲ್ಕು ಮಳೆಗಾಲ ಕಳೆದರೆ ಆ ಓಲೆ ಬೆರಳುದ್ದ ಆಳದಲ್ಲಿ ಇದ್ದರೂ ಆಶ್ಚರ್ಯವಿಲ್ಲ.

ಸಮಾಧಾನದ ಸಂಗತಿ ಒಂದಿದೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ. ಹತ್ತು ವರ್ಷ ಬಿಟ್ಟು ತೆಗೆದರೂ ತೊಳೆದರೆ ಅದೇ ಹೊಳಪು. ಬೆಳ್ಳಿಯ ಕಾಲ್ಗೆಜ್ಜೆ ಕಪ್ಪಾದೀತು, ಕರಗಿ ಹೋಗದು. ಹಾಗಾಗಿ ಮೈದಾನದಲ್ಲಿ ಬಿದ್ದು ಯಾರೂ ಹೆಕ್ಕದ ಒಡವೆ ಮೈದಾನದಲ್ಲೇ ಇದೆ. ಹುಡುಕುವವರು ಬೇಕು, ಅಷ್ಟೆ.

ಬೀಪ್ ಎನ್ನುವ ತಟ್ಟೆ

ಅಮೆರಿಕ, ಬ್ರಿಟನ್‌ಗಳಲ್ಲಿ ಇಂಥ ಹುಡುಕಾಟವೇ ಒಂದು ಹವ್ಯಾಸ. ಮೆಟಲ್ ಡಿಟೆಕ್ಟರ್ ಹಿಡಿದು ರಜಾದಿನಗಳಲ್ಲಿ ಕಡಲತೀರ, ಪಾರ್ಕ್, ಶಾಲೆಯ ಮೈದಾನ ಸುತ್ತುವವರು ಅಲ್ಲಿ ಬಹಳ ಮಂದಿ. ಮಕ್ಕಳು ಹೆಚ್ಚಾಗಿ ಕುಣಿಯುವ ಉಯ್ಯಾಲೆ, ಜಾರುಬಂಡಿಗಳ ಕೆಳಗೆ ನಾಣ್ಯ, ಉಂಗುರ ಸಿಗುತ್ತವೆಂಬುದು ಅವರ ಅನುಭವ. ಆದರೆ ಅಲ್ಲಿಯೂ ಶಾಲೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಕೆಲವೆಡೆ ಪೂರ್ತಿ ನಿಷೇಧವೇ ಇದೆ.

ನಮ್ಮ ಕಡೆ ಈ ಯಂತ್ರವನ್ನು ಜನ ಹೆಚ್ಚಾಗಿ ನೋಡಿರುವುದು ಪೊಲೀಸರ ಬಾಂಬ್ ಪತ್ತೆ ದಳದ ಕೈಯಲ್ಲಿ. ಈಗ ಆನ್‌ಲೈನ್ ಪೇಟೆಯಲ್ಲಿ ಕೆಲವು ಸಾವಿರ ರೂಪಾಯಿಗೂ ಸಿಗುತ್ತದೆ, ಲಕ್ಷ ಮೀರಿದ್ದೂ ಇದೆ. ಉದ್ದ ಕೋಲು, ಅದರ ತುದಿಯಲ್ಲಿ ತಟ್ಟೆಯಂಥದ್ದು, ಹಿಡಿಯ ಹತ್ತಿರ ಒಂದು ಪೆಟ್ಟಿಗೆ. ತಟ್ಟೆಯೊಳಗೆ ತಂತಿಯ ಸುರುಳಿ ಇರುತ್ತದೆ. ಬ್ಯಾಟರಿಯ ಕರೆಂಟು ಅದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಹರಿದು ನೆಲದೊಳಗೆ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಅಲ್ಲಿ ಲೋಹ ಇದ್ದರೆ ಆ ಲೋಹದೊಳಗೂ ಸಣ್ಣ ಕರೆಂಟಿನ ಸುಳಿ ಏಳುತ್ತದೆ. ಆ ಸುಳಿ ವಾಪಸ್ ಕಳಿಸುವ ಸೂಚನೆಯನ್ನು ಯಂತ್ರ ಹಿಡಿದು "ಬೀಪ್" ಎನ್ನುತ್ತದೆ. ಇಷ್ಟೇ ಗುಟ್ಟು.

ಈ ಗುಟ್ಟಿಗೆ ಒಂದು ಶತಮಾನ ಮೀರಿದ ಕತೆ ಇದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡು ತಗಲಿದಾಗ ದೇಹದೊಳಗಿನ ಗುಂಡು ಎಲ್ಲಿದೆ ಎಂದು ಕಂಡುಹಿಡಿಯಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥ ಉಪಕರಣವೊಂದನ್ನು ತಂದಿದ್ದರು. ಗುಂಡು ಪತ್ತೆಯಾಗಲಿಲ್ಲ, ಅಧ್ಯಕ್ಷರು ಉಳಿಯಲಿಲ್ಲ. ಹಾಸಿಗೆಯ ಸ್ಪ್ರಿಂಗುಗಳ ಲೋಹವೇ ಯಂತ್ರವನ್ನು ದಾರಿ ತಪ್ಪಿಸಿತೆಂದು ಹೇಳುವುದುಂಟು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಯುಜೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬು ಪತ್ತೆ ಯಂತ್ರ 1942ರ ಎಲ್ ಅಲಮೇನ್ ಕಾಳಗದಲ್ಲಿ ಸೈನಿಕರ ಜೀವ ಉಳಿಸಿತು. ಅದರ ವಂಶದ್ದೇ ಇವತ್ತು ಓಲೆ ಹುಡುಕುವ ಯಂತ್ರ.

ಇಲ್ಲಿ ಒಂದು ಎಚ್ಚರಿಕೆ. "ನೂರು ಮೀಟರ್ ದೂರದ ಚಿನ್ನ ತೋರಿಸುತ್ತದೆ" ಎಂದು ಜಾಹೀರಾತು ಮಾಡುವ ಉಪಕರಣಗಳನ್ನು ನಂಬಬಾರದು. ಸಾಮಾನ್ಯ ಡಿಟೆಕ್ಟರ್ ಒಂದು ನಾಣ್ಯವನ್ನು ಗುರುತಿಸುವುದು ಗೇಣುದ್ದದೊಳಗಿನ ಆಳದಲ್ಲಿ. ಮಗುವಿನ ಓಲೆಯಾದರೆ ಅದಕ್ಕೂ ಕಡಿಮೆ. ದೂರದ ಚಿನ್ನ ತೋರಿಸುವ ಯಂತ್ರ ಎಂಬುದಕ್ಕೆ ವಿಜ್ಞಾನದ ಆಧಾರವೇ ಇಲ್ಲ.

ಕೆಂಪು ಮಣ್ಣಿನ ತಕರಾರು

ಯಂತ್ರ ತಂದ ಕೂಡಲೇ ಕೆಲಸ ಆಯಿತೆಂದು ತಿಳಿಯುವುದೂ ಬೇಡ. ಮಂಜೇಶ್ವರದಿಂದ ಹೊಸದುರ್ಗದವರೆಗೆ ಹೆಚ್ಚಿನ ಶಾಲೆಗಳು ನಿಂತಿರುವುದು ಮುರಕಲ್ಲಿನ ನೆಲದ ಮೇಲೆ. ಈ ಕೆಂಪು ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರು ಬಂದದ್ದೂ ಕೇರಳದಲ್ಲೇ. ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಆ ಹೆಸರು ಕೊಟ್ಟರು. ಕಲ್ಲಿನ ಕೆಂಪಿಗೆ ಕಾರಣ ಅದರಲ್ಲಿ ತುಂಬಿರುವ ಕಬ್ಬಿಣದ ಅಂಶ. ಲೋಹ ಹುಡುಕುವ ಯಂತ್ರಕ್ಕೆ ಇದೇ ದೊಡ್ಡ ತಲೆನೋವು. ಎಲ್ಲಿ ತಟ್ಟೆ ಇಟ್ಟರೂ ನೆಲವೇ ಗುಣುಗುಟ್ಟುತ್ತದೆ. ಹುಡುಕುವವನು ಬೀಪ್ ಕೇಳಿದಲ್ಲೆಲ್ಲ ತೋಡಿದರೆ ಸಿಗುವುದು ಕಲ್ಲಿನ ಚೂರು ಮಾತ್ರ!

ಇದಕ್ಕೆ ಪರಿಹಾರ ಯಂತ್ರದಲ್ಲೇ ಇದೆ. ಮೊದಲು ಲೋಹವಿಲ್ಲದ ಜಾಗದಲ್ಲಿ ತಟ್ಟೆಯನ್ನು ಮೇಲೆ ಕೆಳಗೆ ಆಡಿಸಿ, ನೆಲದ ಸದ್ದನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಹೊಂದಿಸಿಕೊಳ್ಳಬೇಕು. ಅತಿ ಅಗ್ಗದ ಆಟಿಕೆ ಯಂತ್ರಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಗಡಿನಾಡಿನ ಮಣ್ಣಿಗೆ ಅವು ಪ್ರಯೋಜನಕ್ಕಿಲ್ಲ. ಕಡಲ ಬದಿಯ ಶಾಲೆಗಳ ಬಿಳಿ ಹೊಯಿಗೆಯಲ್ಲಿ ಕೆಲಸ ಸ್ವಲ್ಪ ಸುಲಭ, ಉಪ್ಪುನೀರಿನ ಪಸೆ ಇಲ್ಲದಿದ್ದರೆ.

ಇನ್ನೊಂದು ತೊಂದರೆ ಕಸದ್ದು. ಶಾಲಾ ಅಂಗಳದಲ್ಲಿ ಇಲ್ಲದ ಲೋಹ ಯಾವುದು? ಕಂಪಾಸಿನ ಮೊನೆ, ಪೆನ್ನಿನ ಕ್ಲಿಪ್, ತಲೆಯ ಪಿನ್ನು, ಮುರಿದ ಕೊಡೆಯ ಕಡ್ಡಿ, ಸೋಡಾ ಬಾಟ್ಲಿಯ ಮುಚ್ಚಳ, ಚಾಕಲೇಟಿನ ಬೇಗಡೆ... ಸಣ್ಣ ಚಿನ್ನದ ಓಲೆಯೂ ಬೇಗಡೆ ಕಾಗದವೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ರೀತಿ ಕೇಳಿಸುತ್ತವೆ. ಬೇಗಡೆ ಬೇಡವೆಂದು ಯಂತ್ರಕ್ಕೆ ಹೇಳಿದರೆ ಓಲೆಯೂ ತಪ್ಪಿಹೋದೀತು. ತೆಳು ಚೈನು ಇನ್ನೂ ಕಷ್ಟ. ಅದರ ಒಂದೊಂದು ಕೊಂಡಿಯೂ ಬೇರೆ ಬೇರೆಯೆಂಬಂತೆ ವರ್ತಿಸುವುದರಿಂದ ಸೂಚನೆ ದುರ್ಬಲ. ಚೈನಿಗೆ ಪದಕ ಇದ್ದರೆ ಬಚಾವು.

ಮಣ್ಣು ಹೇಳುವ ಕಾಸಿನ ಲೆಕ್ಕ

ಒಡವೆ ಹುಡುಕುವವರಿಗೆ ಒಡವೆಗಿಂತ ಮೊದಲು ಸಿಗುವುದು ಚಿಲ್ಲರೆ. ಮೈದಾನದಲ್ಲಿ ಬಿದ್ದ ಕಾಸಿನಲ್ಲಿ ಆಯಾ ಕಾಲದ ಮಕ್ಕಳ ಮಿಠಾಯಿ ಲೆಕ್ಕ ಇದೆ ಎಂದರೆ ತಪ್ಪಲ್ಲ.

ಕಾಸರಗೋಡಿನ ಹಲವು ಕನ್ನಡ ಶಾಲೆಗಳು 1956ರ ನವೆಂಬರ್ 1ಕ್ಕಿಂತ ಹಿಂದಿನವು. ಆಗ ಈ ಸೀಮೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಸ್ವಾತಂತ್ರ್ಯಕ್ಕೆ ಮೊದಲು ಮದ್ರಾಸ್ ಪ್ರೆಸಿಡೆನ್ಸಿಯ ಭಾಗ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲ. ಅಂಥ ಶಾಲೆಯ ಹಳೆಯ ಮಾವಿನಮರದ ಬುಡದಲ್ಲಿ ಅಲೆಯಂಚಿನ ಒಂದಾಣೆಯೋ, ನಡುವೆ ತೂತಿರುವ ಕಾಸೋ ಸಿಕ್ಕಬಹುದು. ಹಿರಿಯರು ಒಟ್ಟೆ ಮುಕ್ಕಾಲು ಎನ್ನುತ್ತಿದ್ದ ಈ ತೂತಿನ ಕಾಸು 1943ರಿಂದ 1947ರ ವರೆಗೆ ಅಚ್ಚಾದದ್ದು. ಯುದ್ಧಕಾಲದಲ್ಲಿ ತಾಮ್ರ ಉಳಿಸಲು ನಡುವಿನ ಲೋಹ ತೆಗೆದರು.

1957ರ ಏಪ್ರಿಲ್ 1ರಂದು ನಯಾಪೈಸೆ ಬಂತು, ರೂಪಾಯಿಗೆ 100 ಪೈಸೆ ಆಯಿತು. 1960ರ ದಶಕದಿಂದ ಸಣ್ಣ ನಾಣ್ಯಗಳು ಅಲ್ಯೂಮಿನಿಯಂ ಆದವು. ಗಾಳಿಗೆ ಹಾರುವಷ್ಟು ಹಗುರದ ಆ ಎರಡು, ಮೂರು, ಐದು, ಹತ್ತು ಪೈಸೆಗಳು ಈಗಿನ ಹೆತ್ತವರ ಬಾಲ್ಯದ ಐಸ್‌ಕ್ಯಾಂಡಿ ದುಡ್ಡು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಕೊನೆಗೊಂಡಿತು. ಇಂದು ಮಣ್ಣಿನಿಂದ ತೆಗೆದರೆ ಅಂಗಡಿಯಲ್ಲಿ ನಡೆಯದು, ಆದರೆ ಸಮಾಜ ಪಾಠದ ಮೇಜಿನ ಮೇಲೆ ನಡೆಯುತ್ತದೆ.

ಇನ್ನೊಂದು ತಮಾಷೆ ನೋಡಿ. 1992ರಿಂದ ಒಂದು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನದ್ದು. ಅಯಸ್ಕಾಂತ ಹಿಡಿದರೆ ಅಂಟುತ್ತದೆ. "ಕಬ್ಬಿಣ ಬಿಟ್ಟು ಬೇರೆ ಲೋಹ ಮಾತ್ರ ಹೇಳು" ಎಂದು ಯಂತ್ರವನ್ನು ಹೊಂದಿಸಿದರೆ ಹಳೆಯ ಹತ್ತು ಪೈಸೆಗೆ ಬೀಪ್ ಎಂದೀತು, ಇವತ್ತಿನ ರೂಪಾಯಿಯನ್ನು ಮೊಳೆಯೆಂದು ತಿಳಿದು ಬಿಟ್ಟುಬಿಟ್ಟೀತು! ಹಾಗಾಗಿ ಹುಡುಕಾಟಕ್ಕೆ ಇಳಿಯುವ ಮೊದಲು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಅಂಗಳದಲ್ಲಿ ಒಮ್ಮೆ ಎಳೆದಾಡುವುದು ಒಳ್ಳೆಯದು. ಮೇಲಿರುವ ಮೊಳೆ, ಪಿನ್ನು, ಸ್ಟೀಲಿನ ನಾಣ್ಯ ಅಂಟಿಕೊಂಡು ಬರುತ್ತವೆ. ಚಿನ್ನ, ಬೆಳ್ಳಿ ಅಂಟುವುದಿಲ್ಲ. ಬರಿಗಾಲಲ್ಲಿ ಓಡುವ ಮಕ್ಕಳ ಪಾದಕ್ಕೂ ಇದರಿಂದ ಉಪಕಾರ.

ಎಲ್ಲಿ, ಹೇಗೆ?

ಮೈದಾನ ಪೂರ್ತಿ ಹುಡುಕುವುದು ಆಗದ ಮಾತು. ಕಳೆದುಕೊಂಡ ಮಗುವನ್ನು ಗದರಿಸದೆ, "ಬೆಳಗ್ಗಿನಿಂದ ಎಲ್ಲೆಲ್ಲಿ ಹೋದೆ?" ಎಂದು ನಿಧಾನಕ್ಕೆ ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ. ಹೆದರಿದ ಮಗುವಿಗೆ ಏನೂ ನೆನಪಾಗುವುದಿಲ್ಲ. ಕಬಡ್ಡಿಯ ಅಂಕಣ, ಉದ್ದ ಜಿಗಿತದ ಹೊಯಿಗೆ ಗುಂಡಿ, ಉಯ್ಯಾಲೆಯ ಕೆಳಗೆ, ಕೈತೊಳೆಯುವ ಜಾಗ, ಮೆಟ್ಟಿಲ ಬದಿ, ನೆರಳಿನ ಮರದ ಬುಡ, ಇವು ಮೊದಲು ನೋಡಬೇಕಾದ ಜಾಗಗಳು. ಶಾಲಾ ಕಲೋತ್ಸವ ನಡೆದ ಅಂಗಳವಾದರೆ ವೇದಿಕೆಯ ಹಿಂದೆ, ಬಣ್ಣ ಹಚ್ಚುವ ಕೋಣೆಯ ಹೊರಗೆ ನೋಡಬೇಕು. ಒಪ್ಪನೆಯಿಂದ ಭರತನಾಟ್ಯದವರೆಗೆ, ತಿರುವಾದಿರದಿಂದ ಯಕ್ಷಗಾನದವರೆಗೆ ವೇಷ ಕಟ್ಟುವ, ಬಿಚ್ಚುವ ಗಡಿಬಿಡಿಯಲ್ಲಿ ಎಷ್ಟೋ ಮಕ್ಕಳು ಸ್ವಂತ ಒಡವೆ ತೆಗೆದಿಟ್ಟು ಮರೆಯುತ್ತಾರೆ.

ಜಾಗ ಗೊತ್ತಾದ ಮೇಲೆ ಹಗ್ಗ ಹಿಡಿದು ಗದ್ದೆಯ ಸಾಲಿನಂತೆ ಪಟ್ಟಿ ಮಾಡಿಕೊಳ್ಳಬೇಕು. ತಟ್ಟೆಯನ್ನು ನೆಲಕ್ಕೆ ತಾಗಿಯೂ ತಾಗದಂತೆ ಹಿಡಿದು ನಿಧಾನ ಬೀಸಬೇಕು. ಒಂದು ಬೀಸು ಇನ್ನೊಂದರ ಮೇಲೆ ಅರ್ಧದಷ್ಟು ಬರಬೇಕು. ಬೀಪ್ ಬಂದಲ್ಲಿ ಪಿಕ್ಕಾಸು ಹಾಕುವುದಲ್ಲ. ಸಣ್ಣ ಕರಣೆಯಿಂದ ಮಣ್ಣು ಬಿಡಿಸಿ ಜರಡಿ ಹಿಡಿದು, ಒಂದು ಬಕೆಟ್ ನೀರಿನಲ್ಲಿ ಅಲುಗಿಸಿದರೆ ಸಾಕು. ತೆಗೆದ ಮಣ್ಣನ್ನು ಹಾಗೆಯೇ ತುಂಬಿ ಮೆಟ್ಟಿ ಗಟ್ಟಿಮಾಡಬೇಕು. ಇಲ್ಲವಾದರೆ ಮರುದಿನ ಓಡುವ ಮಗುವಿನ ಕಾಲು ಉಳುಕೀತು.

ಯಂತ್ರ ಇಲ್ಲದ ಶಾಲೆಗೂ ಒಂದು ದಾರಿ ಉಂಟು. ಕತ್ತಲಾದ ಮೇಲೆ ಟಾರ್ಚನ್ನು ನೆಲದ ಮಟ್ಟದಲ್ಲಿ ಅಡ್ಡಲಾಗಿ ಹಿಡಿದು ನೋಡಿದರೆ ಹಗಲು ಕಾಣದ ಮಿಂಚು ಕಾಣುತ್ತದೆ. ಜೋರು ಮಳೆ ಬಿಟ್ಟ ಮರುಬೆಳಗ್ಗೆ, ಮಕ್ಕಳು ಬರುವ ಮೊದಲೇ ಒಂದು ಸುತ್ತು ಹಾಕಿದರೂ ಫಲ ಇದೆ. ಮಳೆ ಮುಚ್ಚಿದ್ದನ್ನು ಕೆಲವೊಮ್ಮೆ ಮಳೆಯೇ ತೆರೆದು ತೋರಿಸುತ್ತದೆ.

ಸರಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರ, ಅನುದಾನಿತ ಶಾಲೆಯಾದರೆ ಮ್ಯಾನೇಜರರ ಅನುಮತಿ ಬೇಕೇ ಬೇಕು. ಶಾಲಾವಧಿಯಲ್ಲಿ ಹೊರಗಿನವರು ಯಂತ್ರ ಹಿಡಿದು ಅಂಗಳ ಹೊಕ್ಕರೆ ಅದು ಮಕ್ಕಳ ಸುರಕ್ಷೆಯ ಪ್ರಶ್ನೆ. ನೆಲದಡಿ ವಿದ್ಯುತ್ ತಂತಿ, ನೀರಿನ ಪೈಪು ಇರುವ ಜಾಗವನ್ನು ಮೊದಲೇ ತಿಳಿದುಕೊಳ್ಳಬೇಕು. ಮುಚ್ಚಿದ ಸ್ಟೀಲಿನ ಡಬ್ಬಿಯಂಥದ್ದು ಏನಾದರೂ ಸಿಕ್ಕಿದರೆ ಮುಟ್ಟದೆ ದೂರ ಸರಿದು 112ಕ್ಕೆ ಕರೆ ಮಾಡಬೇಕು.

ಸಿಕ್ಕಿದವನದ್ದೇ ಸ್ವತ್ತೇ?

"ಸಿಕ್ಕಿದ್ದು ಸಿಕ್ಕಿದವನಿಗೆ" ಎಂಬುದು ಮಕ್ಕಳ ಆಟದ ನಿಯಮ. ದೇಶದ ಕಾನೂನು ಹಾಗೆ ಹೇಳುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ ಇದನ್ನು ವಿವರವಾಗಿ ಹೇಳುತ್ತದೆ. ಬಿದ್ದ ವಸ್ತುವನ್ನು ಕಾಪಾಡಿ ಕೊಡಬೇಕೆಂದು ಎತ್ತಿಕೊಂಡರೆ ಅಪರಾಧವಲ್ಲ. ಆದರೆ ಯಜಮಾನ ಯಾರೆಂದು ಗೊತ್ತಿದ್ದೂ, ಅಥವಾ ತಿಳಿಯುವ ದಾರಿ ಇದ್ದೂ ಸ್ವಂತಕ್ಕೆ ಬಳಸಿಕೊಂಡರೆ ಅಪರಾಧ. ಯಜಮಾನನನ್ನು ಹುಡುಕಲು ತಕ್ಕ ಪ್ರಯತ್ನ ಮಾಡದೆ, ತಕ್ಕಷ್ಟು ಕಾಲ ಕಾಯದೆ ಬಳಸಿದರೂ ಅಪರಾಧವೇ. ಶಿಕ್ಷೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಸಜೆ ಮತ್ತು ದಂಡ. ಹೆದ್ದಾರಿಯಲ್ಲಿ ಯಾರದ್ದೆಂದು ಗೊತ್ತಿಲ್ಲದ ಒಂದು ರೂಪಾಯಿ ಸಿಕ್ಕಿ ಎತ್ತಿಕೊಂಡವನು ಅಪರಾಧಿಯಲ್ಲ ಎಂಬ ಉದಾಹರಣೆಯನ್ನೂ ಕಾನೂನೇ ಕೊಡುತ್ತದೆ.

ಶಾಲಾ ಮೈದಾನ ಹೆದ್ದಾರಿಯಲ್ಲ. ಅಲ್ಲಿ ಓಡಾಡುವವರು ಯಾರೆಂದು ಹಾಜರಿ ಪುಸ್ತಕದಲ್ಲೇ ಇದೆ. ತುಕ್ಕು ಹಿಡಿದ ಹಳೆಯ ಕಾಸಿಗೆ ಯಜಮಾನನನ್ನು ಹುಡುಕುವುದು ಸಾಧ್ಯವಿಲ್ಲದಿರಬಹುದು. ಆದರೆ ಹೆಸರಿನ ಅಕ್ಷರ ಇರುವ ಉಂಗುರ, ಜತೆ ತಪ್ಪಿದ ಓಲೆ, ಇವುಗಳ ಯಜಮಾನರನ್ನು ಹುಡುಕಲು ಆಗುವುದಿಲ್ಲ ಎಂದು ಹೇಳುವಂತಿಲ್ಲ. ಅಕ್ಕಸಾಲಿಗರನ್ನು ಕೇಳಿದರೂ ಕೆಲವೊಮ್ಮೆ ಗುರುತು ಸಿಗುತ್ತದೆ.

1872ರ ಗುತ್ತಿಗೆ ಕಾಯಿದೆ, ಅಂದರೆ ಕಾಂಟ್ರಾಕ್ಟ್ ಆಕ್ಟ್, ಇನ್ನೂ ಒಂದು ಮಾತು ಹೇಳುತ್ತದೆ. ಸಿಕ್ಕ ವಸ್ತುವನ್ನು ಇಟ್ಟುಕೊಂಡವನು ಇನ್ನೊಬ್ಬರ ವಸ್ತುವನ್ನು ನಂಬಿಕೆಯಿಂದ ಇಟ್ಟುಕೊಂಡವನಿಗೆ ಸಮಾನ. ಅಷ್ಟೇ ಜೋಪಾನ ಮಾಡಬೇಕು. ಯಜಮಾನ ಬಹುಮಾನ ಘೋಷಿಸಿದ್ದರೆ ಅದನ್ನು ಕೇಳುವ ಹಕ್ಕೂ ಅವನಿಗಿದೆ.

ಚೆಂಗಳಾಯಿಯ ಹೆಂಗಸರು

ಇದಕ್ಕೆ ಪಕ್ಕದ ಜಿಲ್ಲೆಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. 2024ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ಉದ್ಯೋಗ ಖಾತರಿಯ ಹೆಂಗಸರು ಸರಕಾರಿ ಶಾಲೆಯೊಂದರ ಸಮೀಪದ ರಬ್ಬರ್ ತೋಟದಲ್ಲಿ ಮಳೆಗುಂಡಿ ತೋಡುತ್ತಿದ್ದರು. ಮಣ್ಣಿನಡಿಯಿಂದ ಪಾತ್ರೆಯಂಥದ್ದು ಬಂತು. ಮೊದಲು ಬಾಂಬ್ ಎಂದೇ ಹೆದರಿದರು. ಒಳಗೆ ಇದ್ದದ್ದು ಮುತ್ತಿನ ಮಣಿ, ಚಿನ್ನದ ಪದಕ, ಉಂಗುರ, ಬೆಳ್ಳಿ ನಾಣ್ಯ!

ದಿನಗೂಲಿಗೆ ದುಡಿಯುವ ಅಷ್ಟೂ ಜನ ಸೇರಿ ಹಂಚಿಕೊಂಡಿದ್ದರೆ? ಅವರು ಹಾಗೆ ಮಾಡಲಿಲ್ಲ. ವಿಷಯ ತಿಳಿಸಿದರು, ಸೊತ್ತು ಪೊಲೀಸರ ಕೈಸೇರಿತು, ಮತ್ತೆ ಪುರಾತತ್ವ ಇಲಾಖೆ ಪರಿಶೀಲಿಸಿತು. ಕೇರಳದಲ್ಲಿ ಇದಕ್ಕೆಂದೇ 1968ರ ನಿಧಿ ಕಾಯಿದೆ ಇದೆ. ನೆಲದಲ್ಲಿ ಹುದುಗಿಸಿಟ್ಟ ಹಳೆಯ ಸೊತ್ತು ಸಿಕ್ಕಿದವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ಮೀರಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾವಸ್ತು, ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ.

ಇದಕ್ಕೆ ವಿರುದ್ಧದ ಉದಾಹರಣೆಯೂ ದೂರ ಇಲ್ಲ. 2025ರ ಜನವರಿಯಲ್ಲಿ ಕುಂಬಳೆಯ ಆರಿಕ್ಕಾಡಿ ಕೋಟೆಯಲ್ಲಿ ನಿಧಿಗಾಗಿ ಅಗೆಯುತ್ತಿದ್ದ ಆರೋಪದ ಮೇಲೆ ಕೆಲವರನ್ನು ಪೊಲೀಸರು ಬಂಧಿಸಿದ್ದರು. ಆರಿಕ್ಕಾಡಿ, ಚಂದ್ರಗಿರಿ, ಬೇಕಲ... ಇಕ್ಕೇರಿ ನಾಯಕರ ಕಾಲ ನೆನಪಿಸುವ ಈ ಕೋಟೆಗಳ ನೆಲ ಕೆದಕಿದರೆ ಹಾಳಾಗುವುದು ಈ ನಾಡಿನ ಚರಿತ್ರೆ. ಯಾವ ಆಳದಲ್ಲಿ, ಯಾವುದರ ಜತೆ ಒಂದು ನಾಣ್ಯ ಇತ್ತು ಎಂಬುದರಿಂದಲೇ ಕಾಲ ತಿಳಿಯುವುದು. ಕಿತ್ತು ತೆಗೆದ ಮೇಲೆ ಅದು ಬರೀ ಲೋಹದ ಬಿಲ್ಲೆ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಓಲೆ ಹುಡುಕುವ ಯಂತ್ರ ಶಾಲೆಯ ಗೇಟಿನೊಳಗೇ ಇರಲಿ.

ಒಂದು ಪುಸ್ತಕ, ಒಂದು ಡಬ್ಬಿ

ಇಷ್ಟೆಲ್ಲ ಆದ ಮೇಲೆ ಶಾಲೆಗಳು ಮಾಡಬಹುದಾದ್ದೇನು? ದೊಡ್ಡ ಖರ್ಚಿನ ಕೆಲಸ ಏನೂ ಅಲ್ಲ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಒಂದು ಪುಸ್ತಕ ಇರಲಿ. ಕಳೆದದ್ದು ಏನು, ಯಾವ ದಿನ, ಯಾವ ಜಾಗ ಎಂದು ಬರೆದಿಡಲಿ. ಸಿಕ್ಕಿದ್ದಕ್ಕೂ ಅದರಲ್ಲೇ ಜಾಗ ಇರಲಿ. ಸಿಕ್ಕ ವಸ್ತುವನ್ನು ಇಬ್ಬರು ಅಧ್ಯಾಪಕರ ಎದುರು ತೂಗಿ, ಡಬ್ಬಿಯಲ್ಲಿಟ್ಟು ಬೀಗ ಹಾಕಲಿ. ನೋಟೀಸ್ ಬೋರ್ಡಿನಲ್ಲಿ "ಒಂದು ಓಲೆ ಸಿಕ್ಕಿದೆ" ಎಂದಷ್ಟೇ ಬರೆದರೆ ಸಾಕು. ಆಕಾರ, ಕಲ್ಲಿನ ಬಣ್ಣ ಹೇಳಬೇಕಾದದ್ದು ಕೇಳಿ ಬಂದವರು. ಬಹಳ ಕಾಲ ಯಾರೂ ಬಾರದಿದ್ದರೆ ಪೊಲೀಸ್ ಠಾಣೆಗೆ ಒಪ್ಪಿಸಿ ರಶೀದಿ ಪಡೆಯಬಹುದು.

ಒಂದೊಂದು ಶಾಲೆ ಒಂದೊಂದು ಯಂತ್ರ ಕೊಳ್ಳಬೇಕಾಗಿಯೂ ಇಲ್ಲ. ರಕ್ಷಕ-ಶಿಕ್ಷಕ ಸಂಘಗಳು ಕೈಜೋಡಿಸಿದರೆ ಪಂಚಾಯತಿಗೊಂದು ಯಂತ್ರ ಸಾಕು. ವಾರ್ಷಿಕ ರಜೆಯಲ್ಲಿ ಸರದಿಯಂತೆ ಒಂದೊಂದು ಅಂಗಳ ಹುಡುಕಬಹುದು. ಹೈಸ್ಕೂಲಿನ ಮಕ್ಕಳಿಗೆ ವಿದ್ಯುತ್ಕಾಂತದ ಪಾಠವನ್ನು ಬೋರ್ಡಿಗಿಂತ ಚೆನ್ನಾಗಿ ಈ ಯಂತ್ರ ಕಲಿಸೀತು. ಸಿಕ್ಕ ಹಳೆಯ ಕಾಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅಜ್ಜನ ಕಾಲದ ಶಾಲೆಯ ಕತೆ ಮೊಮ್ಮಕ್ಕಳಿಗೆ ಗೊತ್ತಾದೀತು. ಹೆತ್ತವರೂ ಅಷ್ಟೆ, ಶಾಲೆಗೆ ಕಳಿಸುವ ಮುನ್ನ ವಾರಕ್ಕೊಮ್ಮೆ ಓಲೆಯ ತಿರುಪು ಮುಟ್ಟಿ ನೋಡಿದರೆ ಈ ಹುಡುಕಾಟವೇ ಬೇಡ.

ಎಲ್ಲಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ. ಒಡವೆ ಕಳೆದ ದ��ನ ಮೊದಲು ತೆರೆಯಬೇಕಾದದ್ದು ಬಡ ಹುಡುಗಿಯ ಚೀಲವಲ್ಲ, ಅಂಗಳದ ಮಣ್ಣು ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಐದು ವರ್ಷದ ಹಿಂದಿನ ಓಲೆ ಇವತ್ತು ಸಿಕ್ಕರೂ ತಡವಾಗಲಿಲ್ಲ. ಅದನ್ನು ಯಜಮಾನರಿಗೆ ಕೊಡುವುದರ ಜತೆಗೆ ಇನ್ನೊಂದು ಮನೆಗೂ ಹೋಗಬೇಕು. ಅಂದು ಯಾರ ಚೀಲ ತೆರೆಸಿದ್ದರೋ, ಯಾರ ಮೇಲೆ ಕಣ್ಣು ಬಿದ್ದಿತ್ತೋ ಅವರ ಮನೆಗೆ. "ಓಲೆ ಮೈದಾನದಲ್ಲೇ ಇತ್ತು" ಎಂಬ ಒಂದು ಮಾತು ಹೇಳಿ ಬರಬೇಕು. ಆ ಮಾತಿಗೆ ಚಿನ್ನಕ್ಕಿಂತ ಹೆಚ್ಚು ತೂಕ ಉಂಟು.

ಶಾಲಾ ಅಧಿಕಾರಿಗಳು, ಹೆತ್ತವರು ಈ ಬಗ್ಗೆ ಗಮನ ಹರಿಸಬೇಕಾಗಿದೆ.